ಮಣ್ಣಿಗೆ ರಜೆ

"ಕಾಲ್ ಕಡೆಯವ್ರು ಭುಜಕ್ಕೆ ತಗೊಳ್ಳಿ! ತಲೆ ಕಡೆ ಇಳ್ಸಿ, ಇನ್ನೂ ಇಳ್ಸಿ... ನಿಧಾನ, ಗೋಡೆಗೆ ತಾಗ್ಬಾರ್ದು," ಎಂದು ಮೇಸ್ತ್ರಿ ಮೆಟ್ಟಿಲಿನ ತಿರುವಿನಲ್ಲಿ ನಿಂತು ಎರಡೂ ಕೈ ಆಡಿಸುತ್ತಿದ್ದ. ಆಯುಷ್ಯವೆಲ್ಲ ಕಬ್ಬಿಣದ ತೊಲೆಗಳನ್ನು ಹತ್ತಿಸಿ ಇಳಿಸಿದ ಕೈಗಳು. ದುಃಖಕ್ಕೆಂದು ಅವುಗಳ ಬಳಿ ಬೇರೆ ಸನ್ನೆ ಇರಲಿಲ್ಲ. ಕಣ್ಣೀರು ಮಾತ್ರ ಅದರ ಪಾಡಿಗೆ ಅದು ಮೀಸೆಯೊಳಕ್ಕೆ ಇಳಿಯುತ್ತಿತ್ತು.

ಲಿಫ್ಟಿನಲ್ಲಿ ಮಲಗಿದವರಿಗೆ ಜಾಗವಿರಲಿಲ್ಲ. ಈ ಮನೆಗೆ ಬಂದ ದಿನವೇ, ಈಗ ಚಟ್ಟದ ಮೇಲೆ ಮಲಗಿದ್ದವಳು ಅದರೊಳಗೆ ಹೊಕ್ಕು, ಅಡ್ಡ ಉದ್ದ ಅಳೆದು, ಕಟ್ಟಿಸಿದವನನ್ನು ಕರೆದು ಬೈದಿದ್ದಳು.

"'ಇದು ನಿಂತೋರಿಗೆ ಮಾಡಿರೋ ಲಿಫ್ಟು, ಮಲಗಿದೋರು ಏನ್ ಮಾಡ್ಬೇಕು?' ಅಂತ ಕೇಳಿದ್ಲು ಅವ್ನನ್ನ. ನೋಡಿ, ಇವತ್ತು ಗೊತ್ತಾಯ್ತು," ಎಂದ ಗಂಡ. ತಲೆಯ ಕಡೆ ಹಿಡಿದಿದ್ದ ಅವನಿಗೆ ಏದುಸಿರು ಬರುತ್ತಿತ್ತು.

"ಭಾವ, ಇರೋ ಉಸಿರನ್ನ ಇಳಿಯೋದಕ್ಕೆ ಇಟ್ಕೊಳ್ಳಿ. ಮಾತು ಕೆಳಗೆ ಹೋದ್ಮೇಲೆ ಆಡ್ಬಹುದು," ಎಂದಳು ಸತ್ತವಳ ತಂಗಿ, ಹಿಂದಿನಿಂದ.

ಹಾಗೆ ಹೇಳಿ ಪ್ರಯೋಜನವಿರಲಿಲ್ಲ. ಗಂಡ ನಗರದ ಬಸ್ಸು ಓಡಿಸಿ ನಿವೃತ್ತನಾದವನು. ಚಾಲಕನೊಡನೆ ಮಾತನಾಡಬಾರದು ಎಂಬ ಫಲಕದ ಕೆಳಗೆ ಕೂತು ಜೀವಮಾನವಿಡೀ ಮಾತನಾಡಿದವನು. ಬಾಯಲ್ಲಿ ಎಳ್ಳು ನೆನೆಯದ ಮನುಷ್ಯ. ಮೊನ್ನೆ ಸಂಜೆ ಕೆಲಸದಿಂದ ಬಂದು ಕುರ್ಚಿಯಲ್ಲಿ ಕೂತ ಹೆಂಡತಿಗೆ ಅವನು ಅರ್ಧ ಗಂಟೆ ಏನೋ ಹೇಳುತ್ತಲೇ ಇದ್ದ. ಅವಳು ಹೋಗಿಬಿಟ್ಟಿದ್ದಾಳೆ ಎಂದು ಗೊತ್ತಾದದ್ದು ಅವಳು ಒಮ್ಮೆಯೂ "ಸಾಕು, ನಿಲ್ಸಿ" ಎನ್ನದಿದ್ದಾಗ.

ಅವಳು ಕಟ್ಟಡಗಳ ಕಾಲಯೋಜನೆ ಮಾಡುವವಳಾಗಿದ್ದಳು. ಮಾಲುಗಳು, ಕಚೇರಿ ಗೋಪುರಗಳು, ಗೋದಾಮುಗಳು. ಇವುಗಳಲ್ಲಿ ಯಾವ ಕೆಲಸ ಯಾವ ತಿಂಗಳು ಎಂದು ಗೊತ್ತುಮಾಡುವುದು ಅವಳ ಕಸುಬು. ಬೇಸಿಗೆಯಲ್ಲಿ ಕಾಂಕ್ರೀಟು ಹಾಕಿದರೆ ಸೂರ್ಯ ಹುಟ್ಟುವ ಮೊದಲೇ ಮುಗಿಯಬೇಕು. ಗಾಳಿಯ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಕ್ರೇನು ತಲೆ ತಗ್ಗಿಸಬೇಕು. ಮಳೆ ಬರುವುದರೊಳಗೆ ಒಂದು ಕಟ್ಟಡಕ್ಕಾದರೂ ಸೂರು ಬಿದ್ದಿರಬೇಕು. ಆಗ ಎಲ್ಲ ಕೈಗಳಿಗೂ ಅದರೊಳಗೆ ಟೈಲು, ಪೈಪು, ವೈರಿನ ಕೆಲಸ ಸಿಗುತ್ತದೆ, ಯಾರೂ ಮನೆಯಲ್ಲಿ ಕೂರಬೇಕಾಗಿಲ್ಲ. ಯಾರಾದರೂ ಅವಸರ ಮಾಡಿದರೆ ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ತಡಿ." ಹೀಗಾಗಿ ಸೈಟಿನವರಿಗೆಲ್ಲ ಅವಳು ತಡಿಯಮ್ಮ. ಅವಳ ಹಿಂದೆ ಹಿಂದೆ ಓಡಾಡಿ ಕೆಲಸ ಕಲಿತ ಸಹಾಯಕಿಯನ್ನು ಮರಿತಡಿ ಎನ್ನುತ್ತಿದ್ದರು. ಮರಿತಡಿ ಈಗ ಎಲ್ಲರ ಕೊನೆಯಲ್ಲಿ, ಮನೆಯ ಬೀಗದ ಕೈ ಹಿಡಿದುಕೊಂಡು ಇಳಿಯುತ್ತಿದ್ದಳು. ಬಾಗಿಲು ಹಾಕಬೇಕೆಂಬ ನೆನಪು ಬೇರೆ ಯಾರಿಗೂ ಇರಲಿಲ್ಲ.

ಬೀದಿಯಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮಳೆಗಾಲ ಶುರುವಾಗಿ, ಒಂದು ವಾರ ಹೊಡೆದು, ಆಮೇಲೆ ಏನೂ ಗೊತ್ತಿಲ್ಲದ ಹಾಗೆ ಆಕಾಶ ತೊಳೆದಿಟ್ಟ ಬೋಗುಣಿಯಂತಾಗಿತ್ತು.

"ನೋಡು, ಕೊನೇ ದಿನಾನೂ ಮಳೆ ಇವ್ಳ ಮಾತು ಕೇಳ್ಲಿಲ್ಲ," ಎಂದು ಮೇಸ್ತ್ರಿ ಅಳುತ್ತಲೇ ನಕ್ಕ.

ಅದು ನಿಜ. ಹವಾಮಾನ ಊಹಿಸುವುದರಲ್ಲಿ ತಡಿಯಮ್ಮನಷ್ಟು ಸೋತವರು ಇನ್ನೊಬ್ಬರಿಲ್ಲ. ತಡಿಯಮ್ಮ ಕೊಡೆ ತಂದ ದಿನ ಬಟ್ಟೆ ಒಗೆದು ಹಾಕು ಎಂಬುದು ಸೈಟಿನ ಗಾದೆಯೇ ಆಗಿತ್ತು. ಅದನ್ನು ಅವಳ ಎದುರಿಗೇ ಹೇಳುತ್ತಿದ್ದರು. "ನಾನೇನು ಮಳೆ ಜೊತೆ ಮಾತಾಡಿ ಬಂದಿದೀನಾ?" ಎನ್ನುತ್ತಿದ್ದಳು ಅವಳು. "ಬರುತ್ತೆ ಅಂತ ನಾನ್ ಹೇಳ್ಲಿಲ್ಲ. ಬಂದ್ರೆ ಕೆಳಗೆ ಯಾರಿರ್ತಾರೆ ಅಂತ ಕೇಳ್ದೆ, ಅಷ್ಟೆ."

*

ಚಿತಾಗಾರದಲ್ಲಿ ಸರದಿ ಇತ್ತು. ಅವಳಿಗಿಂತ ಮೊದಲು ಬಂದವರು ಇನ್ನೂ ಇದ್ದರು. ಕಾಯುವ ಕೋಣೆಯ ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ತೊಳೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟ ಕೂಲಿಯವರು, ಕಂಬಿ ಕಟ್ಟುವವರು, ಕಾಂಕ್ರೀಟು ಪಂಪಿನವರು ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ.

ಡೈರೆಕ್ಟರು ದೊಡ್ಡ ಹೂವಿನ ಚಕ್ರ ತಂದರು. ಕಂಪನಿಯ ಹಳೆಯ ಯಜಮಾನ ಹೋದ ಮೇಲೆ ಎಲ್ಲವನ್ನೂ ನೋಡಿಕೊಳ್ಳುವವರು ಅವರೇ. ಮನುಷ್ಯ ಕೆಟ್ಟವರಲ್ಲ; ಅವರ ಕಣ್ಣೂ ಕೆಂಪಾಗಿತ್ತು. ಹೂವಿಟ್ಟು, ಕೈ ಮುಗಿದು, ನಿಂತಲ್ಲೇ ತಿರುಗಿ ನಾಲ್ಕು ಮಾತನಾಡಿದರು.

"ನಾನು ಇವರ ಕೈ ಕೆಳಗೇ ಕಣ್ಣು ಬಿಟ್ಟೋನು. ಬೇರೆ ಏನು ಮರೆತ್ರೂ ಒಂದು ವಿಷಯ ಮರೆಯಲ್ಲ. ಮಣ್ಣಿನ ವಿಶ್ರಾಂತಿ! ಅಗೆದ ಗುಂಡಿಗೆ ವಿಶ್ರಾಂತಿ ಕೊಡ್ಬೇಕು ಅನ್ನೋದನ್ನ ಈ ಊರಿನ ಕಟ್ಟಡದೋರಿಗೆಲ್ಲ ಕಲಿಸಿದ್ದು ಇವರು."

ಕೋಣೆಯಲ್ಲಿದ್ದ ಕೂಲಿಯವರೆಲ್ಲ ಒಟ್ಟಿಗೆ ತಲೆ ತಗ್ಗಿಸಿದರು. ಡೈರೆಕ್ಟರಿಗೆ ಅದು ದುಃಖದಂತೆ ಕಂಡಿತು. ಕುಂಟುಗಾಲಿನ ಕೋಲಣ್ಣ ಮಾತ್ರ ಕರವಸ್ತ್ರದಿಂದ ಬಾಯನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

*

ಬಹಳ ಹಿಂದೆ, ಈ ಡೈರೆಕ್ಟರು ಇನ್ನೂ ಮ್ಯಾನೇಜರಾಗಿದ್ದಾಗ, ಒಂದು ಗೋದಾಮಿನ ನೆಲಮಾಳಿಗೆಯ ಕೆಲಸ ಬಂದಿತ್ತು. ತಡಿಯಮ್ಮ ಗೋಡೆಗೆ ಅಂಟಿಸಿದ ಯೋಜನೆಯಲ್ಲಿ ಒಂದು ಕಡೆ ನೀಲಿ ಬಣ್ಣ ಬಳಿದಿದ್ದಳು.

"ಇದೇನಮ್ಮ ನೀಲಿ?" ಎಂದು ಯಜಮಾನ ಕೇಳಿದ.

"ಮಳೆ ಸಾರ್. ಆ ದಿನಗಳಲ್ಲಿ ಗುಂಡಿಗೆ ಯಾರೂ ಇಳಿಯೋದು ಬೇಡ."

"ಮಳೆ ಯಾವತ್ತು ಬರುತ್ತೆ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲದ್ದಕ್ಕೆ ಇಷ್ಟು ದಿನ ಬಿಟ್ಕೊಡು ಅಂತೀಯಲ್ಲ. ನಾನು ಕಟ್ಟಿಸೋರಿಗೆ ಏನ್ ಹೇಳ್ಲಿ? ಮೋಡ ಬಂದ್ರೆ ಹೇಳ್ತೀವಿ ಅನ್ಲಾ?" ಮೇಜಿನ ಸುತ್ತ ಕೂತವರು ನಕ್ಕರು. ಮ್ಯಾನೇಜರೂ ನಕ್ಕರು. ನೀಲಿಯ ಮೇಲೆ ಅಡ್ಡಗೆರೆ ಬಿತ್ತು.

ಒಂದು ರಾತ್ರಿ ಮಳೆ ಬಂತು. ಮಾರನೆಯ ದಿನ ನಿಂತಿತು. ಅದರ ಮಾರನೆಯ ದಿನ ಇವತ್ತಿನ ಹಾಗೆಯೇ ಬಿಸಿಲು. ಒಣಗಿತಲ್ಲ, ಇಳೀರಿ ಎಂದರು, ಇಳಿದರು. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಒಂದು ಬದಿಯ ಮಣ್ಣು, ದಣಿದವರು ಗೋಡೆಗೊರಗಿ ಕೂರುವಂತೆ, ಸದ್ದಿಲ್ಲದೆ ಕೂತುಬಿಟ್ಟಿತು. ಕೋಲಣ್ಣ ಸೊಂಟದವರೆಗೆ ಹೂತುಹೋಗಿದ್ದ. ಅವನ ಪಕ್ಕದಲ್ಲಿದ್ದವನು ಚಹಾಕ್ಕೆ ಕೈತುಂಬ ಸಕ್ಕರೆ ಸುರಿದುಕೊಳ್ಳುವವನು, ಅದಕ್ಕೆ ಅವನ ಹೆಸರೇ ಸಕ್ಕರೆ ಎಂದಾಗಿತ್ತು. ಅವನನ್ನು ಸಂಜೆಯ ಹೊತ್ತಿಗೆ ಹೊರತೆಗೆದರು. ತಡಿಯಮ್ಮ ಎಲ್ಲರ ಜೊತೆ ಕೈಯಿಂದಲೇ ಮಣ್ಣು ಬಗೆದಿದ್ದಳು. ಸಕ್ಕರೆಯ ಬಾಯೊಳಗಿನ ಮಣ್ಣನ್ನು ಬೆರಳು ಹಾಕಿ ತೆಗೆದವಳೂ ಅವಳೇ. ತೆಗೆದದ್ದರಿಂದ ಏನೂ ಆಗಲಿಲ್ಲ.

ವಿಚಾರಣೆ ನಡೆಯಿತು. ಅಪಘಾತಕ್ಕೆ ಕಾರಣ ಹವಾಮಾನ ಎಂದು ತೀರ್ಮಾನವಾಯಿತು. ಯೋಜನೆಯಲ್ಲಿ ಕಾಲಿಡಲು ಬಿಡದ ಮಳೆಗೆ ವರದಿಯಲ್ಲಿ ಕುರ್ಚಿ ಹಾಕಿ ಕೂರಿಸಿದರು.

ಮುಂದಿನ ವರ್ಷ ಬೇರೊಂದು ಕಟ್ಟಡ. ತಡಿಯಮ್ಮನ ಯೋಜನೆಯಲ್ಲಿ ನೀಲಿ ಇರಲಿಲ್ಲ. ಅದೇ ತಿಂಗಳುಗಳಲ್ಲಿ ಕಂದು ಬಣ್ಣ ಬಳಿದು 'ಮಣ್ಣಿನ ವಿಶ್ರಾಂತಿ' ಎಂದು ಬರೆದಿದ್ದಳು.

"ಅಗೆದ ಮಣ್ಣಿನ ಒಳ ಒತ್ತಡ ಸಮಕ್ಕೆ ಬರ್ಬೇಕು ಸಾರ್," ಎಂದಳು, ಮುಖದ ಒಂದು ಗೆರೆಯೂ ಕದಲದಂತೆ. "ಅಲ್ಲೀವರೆಗೂ ಇಳಿಯೋ ಹಾಗಿಲ್ಲ."

"ಎಷ್ಟು ದಿನ ಬೇಕು?" ಎಂದರು ಮ್ಯಾನೇಜರು.

"ಅದು ಮಣ್ಣಿನ ಮೇಲೆ ಹೋಗುತ್ತೆ."

ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಮಳೆ ಎಂದರೆ ಚೌಕಾಸಿ ಮಾಡುವವರು ಒತ್ತಡ ಎಂದರೆ ಬಾಯಿ ಮುಚ್ಚುತ್ತಾರೆ. ಅಂದಿನಿಂದ ಪ್ರತಿ ಮಳೆಗಾಲ ಗುಂಡಿಯ ಅಂಚಿನಲ್ಲಿ ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದು ಕೋಲಣ್ಣ ಓಡಾಡತೊಡಗಿದ. ಕೆಳಗಿಳಿಯಲಾರದ ಕಾಲಿಗೆ ಅದೇ ಕೆಲಸ. ಕೋಲನ್ನು ನೆಲಕ್ಕೆ ಚುಚ್ಚುವನು, ಅದಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚುವನು, "ಇನ್ನೂ ಎದ್ದಿಲ್ಲ" ಎನ್ನುವನು. ಉಳಿದವರು ಸೂರು ಬಿದ್ದ ಇನ್ನೊಂದು ಕಟ್ಟಡದಲ್ಲಿ ಟೈಲು ಕೂರಿಸುತ್ತ, ಮಣ್ಣಿಗೆ ರಜೆ ಎಂದು ಪಿಸುಗುಟ್ಟಿ ನಗುವರು. ಬರಬರುತ್ತ ಬೇರೆ ಕಂಪನಿಗಳ ಗುಂಡಿಗಳ ಮೇಲೂ ಕೋಲು ಹಿಡಿದವರು ಕಾಣಿಸಿಕೊಂಡರು. ಮ್ಯಾನೇಜರು ಡೈರೆಕ್ಟರಾದರು, ಎಂಜಿನಿಯರುಗಳ ಸಮ್ಮೇಳನದಲ್ಲಿ ಮಣ್ಣಿನ ವಿಶ್ರಾಂತಿಯ ಬಗ್ಗೆ ಭಾಷಣ ಮಾಡಿದರು, ಗಾಜಿನ ಫಲಕವನ್ನೂ ಪಡೆದರು.

ಮಣ್ಣಿಗೆ ರಜೆ ಸಿಕ್ಕಿದ ಯಾವ ವರ್ಷವೂ ಗುಂಡಿಯಲ್ಲಿ ಯಾರೂ ಸಾಯಲಿಲ್ಲ.

*

"ಇಂಥ ಶೋಧನೆ ಮಾಡಿದೋರು..." ಎಂದು ಡೈರೆಕ್ಟರು ಮುಂದುವರಿಸುತ್ತಿದ್ದರು.

"ಅಯ್ಯೋ, ಶೋಧನೆಯಂತೆ!" ಎಂದ ಗಂಡ. ಎರಡು ದಿನದಿಂದ ಅತ್ತು ಅತ್ತು ಅವನ ಹಿಡಿತ ತಪ್ಪಿಹೋಗಿತ್ತು; ಪ್ರೀತಿ ಉಕ್ಕಿ ಬಂದದ್ದು ಮಾತಾಗಿಯೇ ಬಂತು. "ಅದು ಹುಟ್ಟಿದ್ದು ನಮ್ಮನೆ ಅಡುಗೆಮನೇಲಿ ಸಾಹೇಬ್ರೆ. ನಾನು ಹಿಟ್ಟು ಕಲಸಿ ಬಟ್ಟೆ ಮುಚ್ತಿದ್ದೆ. ಇನ್ನೂ ಯಾಕೆ ಒಲೆ ಹಚ್ಚಿಲ್ಲ ಅಂದ್ಲು. ಹಿಟ್ಟು ಸ್ವಲ್ಪ ವಿಶ್ರಾಂತಿ ತಗೋಬೇಕು ಕಣೇ ಅಂದೆ. ಹಂಗೇ ನಿಂತ್ಲು ನೋಡಿ, ಕೈಲಿ ಲೋಟ ಹಿಡ್ಕೊಂಡು. 'ಸಿಕ್ತು' ಅಂದ್ಲು. ಮಳೆ ಅಂದ್ರೆ ಕೇಳದ ಮುಠ್ಠಾಳ್ರಿಗೆ..."

"ಭಾವ!" ಎಂದಳು ತಂಗಿ.

ತಡವಾಗಿತ್ತು. ಡೈರೆಕ್ಟರು ಅತ್ತಿತ್ತ ನೋಡಿದರು. ಎದುರಿಗಿದ್ದ ಒಂದೊಂದು ಮುಖವೂ ಒಂದೊಂದು ಗೋಡೆಯನ್ನು ನೋಡುತ್ತಿತ್ತು.

"ಹಿಟ್ಟು?" ಎಂದರು.

"ಹಿಟ್ಟು," ಎಂದ ಗಂಡ, ಈಗ ಮೆಲ್ಲಗೆ.

ಡೈರೆಕ್ಟರು ಕೋಲಣ್ಣನ ಕಡೆ ತಿರುಗಿದರು. "ಹಾಗಾದ್ರೆ ನೀನು ಆ ಕೋಲಿಟ್ಕೊಂಡು ಇಷ್ಟು ವರ್ಷ ಏನ್ ನೋಡ್ತಿದ್ದೆ?"

ಕೋಲಣ್ಣ ಎದ್ದು ನಿಂತ. "ನಿಮ್ ಕಾರು ಬರ್ತಿದ್ಯಾ ಅಂತ ನೋಡ್ತಿದ್ದೆ ಸಾರ್," ಎಂದ.

ಯಾರೋ ಒಬ್ಬ ತಡೆಯಲಾರದೆ ಫಕ್ಕನೆ ನಕ್ಕ. ಅಲ್ಲಿಗೆ ಎಲ್ಲ ಕೆಟ್ಟುಹೋಯಿತು. ಡೈರೆಕ್ಟರು ಮರಿತಡಿಯನ್ನು ಹೊರಗಿನ ಜಗಲಿಗೆ ಕರೆದರು.

"ನಿನಗೂ ಗೊತ್ತಿತ್ತು."

"ಗೊತ್ತಿತ್ತು ಸಾರ್."

ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. "ಅವರು ಬದುಕಿದ್ರೆ ಮುಖ ಕೊಟ್ಟು ಜಗಳ ಆಡ್ತಿದ್ದೆ. ಈಗ ಯಾರ ಹತ್ರ ಆಡ್ಲಿ? ಇರ್ಲಿ. ಸೋಮವಾರ ಆ ಹೊಸ ಮಾಲಿನ ನೆಲಮಾಳಿಗೆ ಗುಂಡಿಗೆ ಜನ ಇಳೀಲಿ."

"ಉತ್ತರದ ಬದಿಗೆ ಆಸರೆ ಗೋಡೆ ಇಲ್ಲ ಸಾರ್."

"ಅದನ್ನ ಕಟ್ಟೋದಕ್ಕೇ ತಾನೆ ಇಳಿಯೋದು? ಇಡೀ ವಾರ ಬಿಸಿಲು ಅಂತ ಮುನ್ಸೂಚನೆ ಇದೆ. ಕಟ್ಟಿಸೋರು ದಿನಾ ಫೋನು ಮಾಡ್ತಿದಾರೆ. ವಿಶ್ರಾಂತಿ ಅಂತ ಅವ್ರ ಬಾಯಿ ಮುಚ್ಚಿಸ್ತಿದ್ದೆ. ಇನ್ನು ಮೇಲೆ ಅದನ್ನ ನನ್ನ ಬಾಯಿಂದ ಹೇಗೆ ಹೇಳ್ಲಿ?"

"ವಾರ ಪೂರ್ತಿ ಮಳೆ ಹೊಡೆದಿದೆ. ಒಳಗೆಲ್ಲ ನೆನೆದಿದೆ."

"ನಿಂಗೇನು ಅದರ ಒಳಗೆ ಹೋಗಿ ನೋಡಿದ ಹಾಗೆ! ಅಥವಾ ಇದೂ ಅಡುಗೆಮನೇದಾ?" ಎಂದರು. ಆಮೇಲೆ ದನಿ ತಗ್ಗಿಸಿದರು. "ನೋಡು, ಅವರ ಕುರ್ಚಿಗೆ ನೀನೇ ಅಂತ ನಾನು ಅಂದ್ಕೊಂಡಿದೀನಿ. ಸೋಮವಾರದ ಕೆಲಸ ನೀನೇ ನಿಂತು ಶುರು ಮಾಡ್ಸು. ಆಮೇಲೆ ಆ ವಿಷಯ ಮಾತಾಡೋಣ."

ಅವರು ಕಾರಿನ ಕಡೆ ಹೋದರು. ಕಂಬದ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮೇಸ್ತ್ರಿ ಹತ್ತಿರ ಬಂದ.

"ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು ಮರಿತಡಿ. ಹಿಟ್ಟಿನ ಕತೆ ಸಮ್ಮೇಳನದೋರಿಗೆ ಗೊತ್ತಾದ್ರೆ ಅವ್ರ ಫಲಕದ ಗತಿ ಏನು? ಒಂದ್ ಮಾತು ಕಿವಿಗೆ ಹಾಕು, ಸಾಕು. ಬೇಡ ಅಂದ್ರೆ ಬೇರೆ ಏನಾದ್ರೂ ಹುಟ್ಟಿಸು. ಗುಂಡೀಲಿ ಹಳೇ ಕರೆಂಟು ಕೇಬಲ್ ಸಿಕ್ತು ಅನ್ನು. ಹಾವು ಅನ್ನು. ಏನೋ ಒಂದು. ತಡಿಯಮ್ಮ ಆಗಿದ್ರೆ ಅಂದಿರ್ತಿದ್ಲು."

ಮರಿತಡಿ ಜಗಲಿಯ ಮೆಟ್ಟಿಲ ಮೇಲೆ ಕೂತಳು. ಅಂದಿರುತ್ತಿದ್ದಳು, ನಿಜ. ಹಾವಿಗೊಂದು ಬಣ್ಣವನ್ನೂ ಕೊಟ್ಟಿರುತ್ತಿದ್ದಳು.

*

ಕಳೆದ ಬೇಸಿಗೆಯಲ್ಲಿ, ಸೈಟಿನ ತಗಡಿನ ಕೋಣೆಯಲ್ಲಿ ಇಬ್ಬರೂ ಊಟಕ್ಕೆ ಕೂತಿದ್ದಾಗ ಮರಿತಡಿ ಕೇಳಿದ್ದಳು. "ಮೇಡಂ, ಮಳೆ ಅಂತ್ಲೇ ಯಾಕೆ ಹೇಳ್ಬಾರ್ದು? ನಂಗೆ ಆ ಕೋಲು ನೋಡಿದ್ರೆ ನಾಚಿಕೆ ಆಗುತ್ತೆ."

ತಡಿಯಮ್ಮ ತುತ್ತು ಅರ್ಧಕ್ಕೆ ನಿಲ್ಲಿಸಿದಳು. "ನಾಚಿಕೆನಾ? ನಾನು ನಿಜ ಹೇಳಿದ ವರ್ಷ ಸಕ್ಕರೆ ಹೋದ. ಸುಳ್ಳು ಹೇಳಿದ ವರ್ಷಗಳಲ್ಲಿ ಒಬ್ರೂ ಹೋಗಿಲ್ಲ. ಸುಳ್ಳು ಹೇಳಿದೀನಿ, ಸುಖವಾಗಿ ನಿದ್ದೆ ಮಾಡಿದೀನಿ. ನಿನ್ನ ಸತ್ಯಾನ ತಗೊಂಡ್ಹೋಗಿ ಗುಂಡಿಗೆ ಆಸರೆ ಕೊಡು, ನಿಲ್ಲುತ್ತಾ ನೋಡೋಣ!"

"ನಿಲ್ಲಲ್ಲ," ಎಂದಿದ್ದಳು ಮರಿತಡಿ. ಸುಮ್ಮನಾಗಬೇಕಿತ್ತು, ಆಗಲಿಲ್ಲ. "ಆದ್ರೆ ಆ ವರ್ಷ ನೀವು ಒಬ್ರೇ ಹೇಳಿದ್ರಿ. ಮೇಜಿನ ಸುತ್ತ ಹೇಳಿದ್ರಿ. ಗುಂಡಿಗೆ ಇಳಿಯೋರನ್ನ ಕೇಳಿದ್ರಾ?"

ಬೈಗುಳ ಬರುತ್ತದೆ ಎಂದು ಮರಿತಡಿ ಕಾಯುತ್ತಿದ್ದಳು. ಬರಲಿಲ್ಲ.

"ಕೇಳ್ಲಿಲ್ಲ," ಎಂದಳು ತಡಿಯಮ್ಮ. "ಅವ್ರಿಗೆ ತೊಂದ್ರೆ ಆಗ್ಬಾರ್ದು, ನಾನೇ ನೋಡ್ಕೊಳ್ತೀನಿ ಅಂತ ಅಂದ್ಕೊಂಡೆ. ದೊಡ್ಡ ಬುದ್ಧಿವಂತೆ ನಾನು." ಆಮೇಲೆ ತನ್ನ ಡಬ್ಬಿಯಲ್ಲಿದ್ದುದರಲ್ಲಿ ಅರ್ಧವನ್ನು ಅವಳ ತಟ್ಟೆಗೆ ಹಾಕಿ, "ತಿನ್ನು, ಮಾತು ಜಾಸ್ತಿ ಆಯ್ತು," ಎಂದಳು.

*

ಒಳಗಿನಿಂದ ಕರೆದರು. ಸರದಿ ಬಂದಿತ್ತು.

ಎಲ್ಲರೂ ಒಮ್ಮೆ ಹತ್ತಿರ ಹೋಗಿ ಬಂದರು. ಗಂಡ ಕೊನೆಯಲ್ಲಿ ಹೋದ. ಜೀವನದಲ್ಲಿ ಮೊದಲ ಸಲ ಅವನಿಗೆ ಮಾತು ಸಿಗಲಿಲ್ಲ. ಅವಳ ಕಿವಿಯ ಹಿಂದಿನಿಂದ ಸರಿದಿದ್ದ ಕೂದಲನ್ನು ಸರಿಮಾಡಿ, "ನಾನು ಹೇಳ್ಬಾರ್ದಿತ್ತು ಕಣೇ," ಎಂದಷ್ಟೇ ಹೇಳಿದ. ಉಕ್ಕಿನ ಬಾಗಿಲು ಮೇಲೆದ್ದು ಕೆಳಗಿಳಿಯಿತು. ಅಷ್ಟೇ. ಇಷ್ಟು ಜೋರಿನ ಹೆಂಗಸು ಇಷ್ಟು ಸದ್ದಿಲ್ಲದೆ ಹೋಗಬಹುದು ಎಂದು ಯಾರೂ ಅಂದುಕೊಂಡಿರಲಿಲ್ಲ. ಮೇಸ್ತ್ರಿ ಬಿಕ್ಕಿ ಬಿಕ್ಕಿ ಅತ್ತ.

ಜನ ಜಗಲಿಗೆ ಬಂದು ಚಪ್ಪಲಿ ಹುಡುಕುತ್ತಿದ್ದಾಗ ಮರಿತಡಿ ಮೆಟ್ಟಿಲ ಮೇಲೆ ನಿಂತಳು.

"ಒಂದ್ ನಿಮಿಷ. ಸೋಮವಾರ ಮಾಲಿನ ಗುಂಡಿಗೆ ಇಳೀಬೇಕಂತೆ. ಉತ್ತರದ ಬದಿ ಇನ್ನೂ ಬರೀ ಮಣ್ಣು. ನಾನು ಕೇಬಲ್ ಅಂತ ಹೇಳ್ಬಹುದು, ಹಾವು ಅಂತಾನೂ ಹೇಳ್ಬಹುದು. ಹೇಳಲ್ಲ. ಮಳೆ ಅಂತ ಹೇಳ್ತೀನಿ. ಒಬ್ಳೇ ಹೇಳಿದ್ರೆ ನಡೆಯಲ್ಲ, ಅದು ಗೊತ್ತು. ಅದಕ್ಕೆ ನಿಮ್ಮನ್ನ ಕೇಳ್ತಿದೀನಿ. ನೀವೇನ್ ಹೇಳ್ತೀರಿ?"

ಅವರನ್ನು ಹೀಗೆ ಯಾರೂ ಕೇಳಿದ್ದೇ ಇಲ್ಲ.

"ಕೆಲಸದಿಂದ ತೆಗೆದ್ರೆ?" ಎಂದ ಕಂಬಿ ಕಟ್ಟುವವನೊಬ್ಬ.

"ತೆಗೀಬಹುದು. ಮೊದ್ಲು ನನ್ನ ತೆಗೀತಾರೆ. ಪಕ್ಕದ ಕಚೇರಿ ಕಟ್ಟಡಕ್ಕೆ ಸೂರು ಬಿದ್ದಿದೆ, ಅಲ್ಲಿ ಎಲ್ರಿಗೂ ಆಗೋವಷ್ಟು ಕೆಲಸ ಇದೆ. ಮೇಡಂ ಹಾಗೇ ಜೋಡ್ಸಿ ಹೋಗಿದಾರೆ. ಗುಂಡಿ ಮಾತ್ರ ಬೇಡ."

ಕೋಲಣ್ಣ ಜನರ ಮಧ್ಯದಿಂದ ಕುಂಟುತ್ತ ಮುಂದೆ ಬಂದ. "ನಾನು ಸೊಂಟದವರೆಗೂ ಹೋಗಿ ಬಂದಿದೀನಿ. ಇನ್ನೊಬ್ರು ಹೋಗೋದು ಬೇಡ," ಎಂದ. "ಸೋಮವಾರದವರೆಗೂ ಯಾಕೆ ಕಾಯೋದು? ಈಗ್ಲೇ ಹೋಗಿ ಏಣಿಗಳನ್ನ ಮೇಲೆ ಎಳ್ದು ಹಾಕೋಣ. ಇಳಿಯೋ ದಾರಿನೇ ಇಲ್ಲದಿದ್ರೆ ಯಾರು ಇಳೀತಾರೆ?"

"ಏಣಿ ಮತ್ತೆ ಇಡ್ತಾರೆ ಕಣೋ," ಎಂದ ಮೇಸ್ತ್ರಿ.

"ಇಡ್ಲಿ. ಮತ್ತೆ ಎಳೀತೀವಿ."

ಮೇಸ್ತ್ರಿ ಮೂಗು ಒರೆಸಿಕೊಂಡ. "ಸರಿ, ಹತ್ರಿ ಬಸ್ಸು," ಎಂದ, ಕೂಲಿಯವರನ್ನು ಕರೆತಂದಿದ್ದ ಕಂಪನಿಯ ಬಸ್ಸಿನ ಕಡೆ ಕೈ ತೋರಿಸಿ. ಆ ದನಿ ಕೇಳಿದ ಮೇಲೆ ಯಾರೂ ಏನೂ ಕೇಳಲಿಲ್ಲ.

ಗಂಡನೂ ಹತ್ತಿದ. "ನೀವ್ಯಾಕೆ ಭಾವ, ಮನೆಗೆ ನಡೀರಿ," ಎಂದಳು ತಂಗಿ. "ಬಾಯಿ ಬಿಟ್ಟು ಕೆಡ್ಸಿದ್ದು ನಾನು. ಕೈಯಾದ್ರೂ ಹಾಕ್ತೀನಿ," ಎಂದು ಅವನು ಮುಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ಚಾಲಕನಿಗೆ ಗೇರು ಹಾಕುವುದು ಹೇಗೆಂದು ಹೇಳಿಕೊಟ್ಟ. ಅವನ ಮಾತು ಮರಳಿ ಬಂದದ್ದು ಎಲ್ಲರಿಗೂ ಒಂದು ಸಮಾಧಾನ.

ಮಾಲಿನ ಗುಂಡಿ ಅಷ್ಟಗಲಕ್ಕೆ ಬಾಯಿ ತೆರೆದು ಬಿದ್ದಿತ್ತು. ಸುತ್ತಲಿನ ನೆಲ ಒಣಗಿ, ನಡೆದರೆ ಧೂಳು ಏಳುತ್ತಿತ್ತು. ಇಸ್ತ್ರಿಯ ಅಂಗಿಗಳ ತೋಳು ಮಡಿಸಿಕೊಂಡು ಜನ ಒಂದೊಂದು ಏಣಿಗೆ ನಾಲ್ಕು ನಾಲ್ಕು ಮಂದಿ ನಿಂತರು. ಎರಡಾಳು, ಮೂರಾಳು ಉದ್ದದ ಕಬ್ಬಿಣದ ಏಣಿಗಳು. "ಎತ್ತು! ಇನ್ನೂ! ಅಂಚಿನಿಂದ ದೂರ ನಿಲ್ಲಿ!" ಎಂದು ಮೇಸ್ತ್ರಿಯ ಕೈಗಳು ಮತ್ತೆ ಗಾಳಿಯಲ್ಲಿ ಆಡಿದವು. ಯಂತ್ರಗಳು ಇಳಿಯುವ ಇಳಿಜಾರಿನ ಬಾಯಿಗೆ ಪಂಪಿನವರು ಇಟ್ಟಿಗೆ ತುಂಬಿದ ಲಾರಿಯನ್ನು ಅಡ್ಡ ತಂದು ನಿಲ್ಲಿಸಿದರು.

ಕಾವಲುಗಾರ ಫೋನು ಮಾಡಿರಬೇಕು. ಡೈರೆಕ್ಟರ ಕಾರು ಧೂಳೆಬ್ಬಿಸುತ್ತ ಬಂತು.

"ಏನಿದು?" ಎಂದರು ಇಳಿಯುತ್ತಲೇ. "ಸುಟ್ಟು ಇನ್ನೂ ಬೂದಿ ಆರಿಲ್ಲ, ಅಷ್ಟರಲ್ಲಿ ದೊಂಬಿ ಎಬ್ಬಿಸ್ತಿದೀರಾ?"

"ದೊಂಬಿ ಅಲ್ಲ ಸಾರ್," ಎಂದಳು ಮರಿತಡಿ. "ಮಳೆಗಾಲ ಮುಗಿಯೋವರೆಗೂ ಗುಂಡಿಗೆ ಯಾರೂ ಇಳಿಯಲ್ಲ. ಅದು ಮಣ್ಣಿನ ವಿಶ್ರಾಂತಿ ಅಲ್ಲ. ಒತ್ತಡ ಅಲ್ಲ. ಬರೀ ಮಳೆ. ನಾನೂ ಹೇಳ್ತಿದೀನಿ, ಇವ್ರೂ ಹೇಳ್ತಿದಾರೆ."

"ನಾಳೆ ಬೇರೆ ಜನಾನ ಕರೆಸ್ತೀನಿ."

"ಕರೆಸಿ ಸಾರ್," ಎಂದ ಕೋಲಣ್ಣ. "ಅವ್ರಿಗೂ ನನ್ನ ಕಾಲು ತೋರಿಸ್ತೀನಿ."

ಡೈರೆಕ್ಟರು ಅವನ ಕಾಲನ್ನು ನೋಡಲಿಲ್ಲ. ನೀಲಿಯ ಮೇಲೆ ಅಡ್ಡಗೆರೆ ಬಿದ್ದ ದಿನ ತಾವೂ ನಕ್ಕದ್ದು ಅವರಿಗೆ ನೆನಪಿತ್ತೋ ಇಲ್ಲವೋ, ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಹೆಸರು ನೋಡಿ ಅವರ ಮುಖ ಬಾಡಿತು. ಮಾಲು ಕಟ್ಟಿಸುವವರು. ಅವರು ಅದನ್ನು ಹಾಗೇ ಮರಿತಡಿಯ ಕಡೆ ಚಾಚಿದರು.

"ತಗೋ. ವಿಶ್ರಾಂತಿ ಅಲ್ಲ ಅಂದ್ಯಲ್ಲ, ನೀನೇ ಹೇಳು. ಮಳೆ ಅಂತ ಹೇಳು, ಅವ್ರು ಏನಂತಾರೆ ಕೇಳ್ಕೋ."

ಮರಿತಡಿ ತೆಗೆದುಕೊಂಡಳು.

"ಯಾರ್ ಮಾತಾಡೋದು?" ಎಂದಿತು ಆ ಕಡೆಯ ದನಿ.

"ಇಲ್ಲಿ ಯೋಜನೆ ಮಾಡೋಳು."

"ಸೋಮವಾರ ನೆಲಮಾಳಿಗೆ ಶುರು ತಾನೆ?"

"ಇಲ್ಲ ಸಾರ್."

"ಯಾಕೆ?"

"ಮಳೆಗಾಲ."

ಆ ಕಡೆ ಕಿಟಕಿಯ ಪರದೆ ಸರಿಸಿದ ಸದ್ದು. "ಏನ್ರೀ ತಮಾಷೆ ಮಾಡ್ತೀರಾ? ಹೊರಗೆ ಬಿಸಿಲು ಸುಡ್ತಿದೆಯಲ್ರೀ!"

ಮರಿತಡಿ ಆಕಾಶ ನೋಡಿದಳು. ಹುಡುಕಿದರೂ ಒಂದು ಮೋಡ ಇರಲಿಲ್ಲ.

"ಹೌದು ಸಾರ್," ಎಂದಳು. "ಬಿಸಿಲು ಚೆನ್ನಾಗಿದೆ."

ಅವಳ ಹಿಂದೆ ಕೊನೆಯ ಏಣಿ ಅಂಚು ದಾಟಿ ಮೇಲೆ ಬಂತು. ಗಂಡ, ಮೇಸ್ತ್ರಿ, ಇನ್ನಿಬ್ಬರು ಸೇರಿ ಅದನ್ನು ಧೂಳಿನ ಮೇಲೆ ಮಲಗಿಸಿದರು. ಅದರ ಕೆಳಗಿನ ಮೆಟ್ಟಿಲುಗಳಿಗೆ, ಆಳಿನ ಸೊಂಟದೆತ್ತರದವರೆಗೂ, ಹಸಿ ಕೆಸರು ಮೆತ್ತಿತ್ತು. ಅದರಿಂದ ನೀರು ತೊಟ್ಟಿಕ್ಕಿ ಒಣನೆಲದಲ್ಲಿ ಹರಿದು, ಡೈರೆಕ್ಟರ ಬೂಟಿನ ಕಡೆಗೆ ಹೊರಟಿತ್ತು.